ಪ್ರಜ್ಞೆಯ ಅಧ್ಯಯನದಲ್ಲಿ ತತ್ತ್ವಶಾಸ್ತ್ರದ ಪಾಲು

ಪ್ರಜ್ಞೆಯ ಅಧ್ಯಯನವನ್ನು ನರವಿಜ್ಞಾನಕ್ಕೆ ಬಿಟ್ಟರೆ ಸಾಕು, ತತ್ತ್ವಶಾಸ್ತ್ರ ವಿಭಾಗಕ್ಕೆ ಅದರಲ್ಲಿ ಕೆಲಸವಿಲ್ಲ ಎಂದು ಲೇಖನವೊಂದರಲ್ಲಿ ವಾದಿಸಿರುವ ಲೇಖಕರ ಮಾತನ್ನು ನಾನು ಒಪ್ಪಲಾರೆ. ಬಳ್ಳಾರಿಯಲ್ಲಿ ಪದವಿ ತರಗತಿಗಳಿಗೆ ಮನಶ್ಶಾಸ್ತ್ರ ಬೋಧಿಸುವ ನಾನು, ನೋವಾದಾಗ ಮಿದುಳಿನ ಯಾವ ಭಾಗಗಳು ಚುರುಕಾಗುತ್ತವೆ ಎಂಬುದನ್ನು ಚಿತ್ರ ತೋರಿಸಿ ವಿವರಿಸಬಲ್ಲೆ. ಆದರೆ ಆ ಚಟುವಟಿಕೆ ನೋವಾಗಿ ಅನುಭವಕ್ಕೆ ಬರುವುದಾದರೂ ಏಕೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದರೆ, ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ 1995ರಲ್ಲಿ ‘ಕಠಿಣ ಸಮಸ್ಯೆ’ ಎಂದು ಕರೆದದ್ದು ಇದನ್ನೇ ಎಂದು ಹೇಳಿ, ತತ್ತ್ವಶಾಸ್ತ್ರದ ನೆರವನ್ನು ಪಡೆಯಲೇಬೇಕಾಗುತ್ತದೆ. ಜ್ಞಾನದ ವಿಷಯವೂ ಹಾಗೆಯೇ. ಭಾರತೀಯ ದರ್ಶನಗಳಲ್ಲಿ ಒಂದಾದ ನ್ಯಾಯದರ್ಶನವು ನಾಲ್ಕು ಪ್ರಮಾಣಗಳನ್ನು, ಅಂದರೆ ಸರಿಯಾದ ಜ್ಞಾನ ಪಡೆಯುವ ಸಾಧನಗಳನ್ನು, ಒಪ್ಪಿದರೆ ಭೌತವಾದಿಗಳಾದ ಚಾರ್ವಾಕರಿಗೆ ಪ್ರತ್ಯಕ್ಷವೊಂದೇ, ಅಂದರೆ ಇಂದ್ರಿಯಗಳಿಂದ ನೇರವಾಗಿ ತಿಳಿಯುವುದೊಂದೇ, ಪ್ರಮಾಣ; ಯಾವುದನ್ನು ಆಧಾರವೆಂದು ಒಪ್ಪಬೇಕು ಎಂಬ ಈ ವಾದವನ್ನು ಯಾವ ಯಂತ್ರವೂ ಅಳೆದು ತೀರ್ಮಾನಿಸದು. ವಚನಗಳಲ್ಲಿ ‘ಅರಿವು’ ಎಂಬ ಪದವನ್ನು ಓದಿಯೇ ಬರುವ ನಮ್ಮ ಭಾಗದ ವಿದ್ಯಾರ್ಥಿಗಳಿಗೆ, ಮನಶ್ಶಾಸ್ತ್ರ ಮತ್ತು ತತ್ತ್ವಶಾಸ್ತ್ರ ಎರಡೂ ವಿಭಾಗಗಳ ಅಧ್ಯಾಪಕರು ಸೇರಿ ಕನ್ನಡದಲ್ಲೇ ಬೋಧಿಸುವ ಒಂದು ಪಠ್ಯವಿಷಯವನ್ನಾದರೂ ಪಠ್ಯಕ್ರಮದಲ್ಲಿ ಇಡಬೇಕು.