ಹಳೇ ಎಪಿಐ ದಾರಿಯನ್ನು ಎಲ್ಲರಿಗೂ ಮುಚ್ಚಬೇಕಾ?

ಪರ: ಮುಚ್ಚಲೇಬೇಕು, ತಡವೇ ಆಯ್ತು

ಆಫೀಸಿನ ಮೇಲ್‌ಗೆ ಲಾಗಿನ್ ಆಗುವಾಗ ಫೋನಿಗೆ ಕೋಡ್ ಬರುವ ವ್ಯವಸ್ಥೆ ಮಾಡಿದ್ದೀರಿ. ಒಳ್ಳೇದು. ಅದೇ ಖಾತೆಗೆ ಐಮ್ಯಾಪ್ (ಮೇಲ್ ಓದುವ ಹಳೇ ವಿಧಾನ) ಅಥವಾ ಹಳೇ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿ) ಮೂಲಕ ಬಂದರೆ? ಆ ದಾರಿ ಮುಚ್ಚದ ಕಡೆ ಯೂಸರ್‌ನೇಮ್, ಪಾಸ್‌ವರ್ಡ್ ಎರಡೇ ಸಾಕು. ಕೋಡ್ ಕೇಳುವ ಏರ್ಪಾಡೇ ಆ ವಿಧಾನದಲ್ಲಿ ಇಲ್ಲ. ಇದಕ್ಕೆ ಬೇಸಿಕ್ ಆಥೆಂಟಿಕೇಶನ್ ಅಂತಾರೆ.

ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. ಸುಲಭದ ಒಂದು ಪಾಸ್‌ವರ್ಡ್ ಹಿಡಿದು ಸಾವಿರಾರು ಖಾತೆ ತಟ್ಟುವ ದಾಳಿಗಳಿವೆಯಲ್ಲ, ಅವುಗಳಲ್ಲಿ ಶೇ. 99ಕ್ಕೂ ಜಾಸ್ತಿ ಈ ಹಳೇ ದಾರಿಯಲ್ಲೇ ಬರುತ್ತವೆ ಎಂದು ಮೈಕ್ರೋಸಾಫ್ಟೇ ಲೆಕ್ಕ ಕೊಟ್ಟಿತ್ತು. ಸೈನ್-ಇನ್ ಲಾಗ್ (ಯಾರು ಯಾವಾಗ ಲಾಗಿನ್ ಆಗಲು ನೋಡಿದರು ಎಂಬ ದಾಖಲೆ) ತೆಗೆದು ನೋಡಿ. ರಜೆಯಲ್ಲಿರುವ ನೌಕರರ ಹೆಸರಲ್ಲಿ, ರಾತ್ರಿ ಮೂರಕ್ಕೆ, ಯಾವುದೋ ದೇಶದಿಂದ ಐಮ್ಯಾಪ್ ಲಾಗಿನ್ ಯತ್ನ ಕಂಡರೆ ಆಶ್ಚರ್ಯವಿಲ್ಲ.

ದಿಢೀರ್ ಅಂತ ಮುಚ್ಚಿದರು ಅನ್ನುವುದೂ ಸರಿಯಲ್ಲ. ತಮ್ಮ ಆಫೀಸ್ ಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಇದನ್ನು ನಿಲ್ಲಿಸುತ್ತೇವೆ ಎಂದು ಮೈಕ್ರೋಸಾಫ್ಟ್‌ನವರು 2019ರಲ್ಲೇ ಹೇಳಿದ್ದರು. 2020ರ ಅಕ್ಟೋಬರ್ ಗಡುವು ಕೋವಿಡ್‌ನಿಂದ ಮುಂದಕ್ಕೆ ಹೋಯ್ತು. ಕಡೆಗೆ ನಿಲ್ಲಿಸಲು ಶುರು ಮಾಡಿದ್ದು 2022ರ ಅಕ್ಟೋಬರ್ 1ಕ್ಕೆ. ಕೇಳಿದವರಿಗೆ ಆ ಡಿಸೆಂಬರ್ ಕೊನೆಯವರೆಗೂ ಬಿಟ್ಟರು. ಇನ್ನೆಷ್ಟು ಕೊಡಬೇಕು?

ಐಮ್ಯಾಪ್, ಅದರಂಥದ್ದೇ ಆದ ಪಾಪ್ ಈಗಲೂ ಇವೆ. ಹೋಗಿದ್ದು ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವುದು. ಅದರ ಜಾಗಕ್ಕೆ ಟೋಕನ್, ಅಂದರೆ ಪಾಸ್‌ವರ್ಡ್ ಬದಲು ತೋರಿಸುವ ಡಿಜಿಟಲ್ ಪಾಸ್, ಬಂದಿದೆ. ಟೋಕನ್‌ಗೆ ಇಂತಿಷ್ಟೇ ಅನುಮತಿ ಕೊಡಬಹುದು, ಬೇಡವಾದಾಗ ರದ್ದು ಮಾಡಬಹುದು. ಪ್ರೋಗ್ರಾಂನ ಸೆಟ್ಟಿಂಗ್ ಇಡುವ ಕಾನ್ಫಿಗ್ ಫೈಲಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಪಾಸ್‌ವರ್ಡ್‌ಗೆ ಅವೆಲ್ಲ ಎಲ್ಲಿಂದ ಬರಬೇಕು?

ವಿರೋಧ: ಮುಚ್ಚಿ, ಆದರೆ ಹೀಗಲ್ಲ

ಹಳೇ ದಾರಿ ಸುರಕ್ಷಿತ ಎಂದು ಯಾರೂ ವಾದಿಸುತ್ತಿಲ್ಲ. ನನ್ನ ತಕರಾರು, ಎಲ್ಲರಿಗೂ ಒಂದೇ ನಿಯಮ ಎಂದು ಸಾಫ್ಟ್‌ವೇರ್ ಮಾರುವವರೇ ತೀರ್ಮಾನಿಸುವುದಕ್ಕೆ.

ಯೂಸರ್ ಅಂದ್ರೆ ಬರೀ ಮನುಷ್ಯರಾ? ಒಂದು ಸಣ್ಣ ಕಾರ್ಖಾನೆ ಅಂದುಕೊಳ್ಳಿ. ಆರ್ಡರ್‌ಗಳು ಬರುವ ಮೇಲ್‌ಬಾಕ್ಸನ್ನು ಒಂದು ಹಳೇ ಪ್ರೋಗ್ರಾಂ ಹತ್ತು ನಿಮಿಷಕ್ಕೊಮ್ಮೆ ಓದಿ ಬಿಲ್ಲಿಂಗ್‌ಗೆ ಹಾಕುತ್ತದೆ. ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಸೋರ್ಸ್ ಕೋಡ್ ಎಲ್ಲಿದೆಯೋ ದೇವರಿಗೇ ಗೊತ್ತು. ದಾರಿ ಮುಚ್ಚಿದ ದಿನ ಯಾರ ಪರದೆಯ ಮೇಲೂ ಸೂಚನೆ ಬರುವುದಿಲ್ಲ. ಯಾರೂ ತೆಗೆಯದ ಲಾಗ್ ಫೈಲಿನಲ್ಲಿ 401 (ಒಳಗೆ ಬಿಡಲಾಗದು) ಎಂಬ ಸಾಲು ಮತ್ತೆ ಮತ್ತೆ ಬೀಳುತ್ತಿರುತ್ತದೆ ಅಷ್ಟೇ. ಗೊತ್ತಾಗುವುದು ಗ್ರಾಹಕರು ಫೋನ್ ಮಾಡಿ "ಮಾಲು ಎಲ್ಲಿ ಸ್ವಾಮಿ?" ಅಂದಾಗ. ಮೂರು ವರ್ಷ ಕೊಟ್ಟೆವು ಎಂಬ ಮಾತು ಐಟಿ ವಿಭಾಗ ಇರುವವರಿಗೆ ಸರಿ. ಲೆಕ್ಕ ಬರೆಯುವವರೇ ಕಂಪ್ಯೂಟರನ್ನೂ ನೋಡಿಕೊಳ್ಳುವ ಕಡೆ ಆ ನೋಟಿಸ್ ಓದುವವರು ಯಾರು?

ವಿನಾಯಿತಿ ಕೊಡಲು ಬರುವುದಿಲ್ಲ ಅಂತಲೂ ಅಲ್ಲ. 2022ರಲ್ಲಿ ಎಸ್‌ಎಂಟಿಪಿ (ಮೇಲ್ ಕಳಿಸುವ ವಿಧಾನ) ಲಾಗಿನ್ ಬಳಸುತ್ತಿದ್ದವರನ್ನು ಮೈಕ್ರೋಸಾಫ್ಟ್ ಮುಟ್ಟಲಿಲ್ಲ. ಹಳೇ ಪ್ರಿಂಟರ್, ಸ್ಕ್ಯಾನರ್‌ಗಳು ಹೊಸ ವಿಧಾನಕ್ಕೆ ಬದಲಾಗಲಾರವು ಎಂಬುದೇ ಕಾರಣ. ಪ್ರಿಂಟರಿಗೆ ತೋರಿದ ದಯೆ ಆರ್ಡರ್ ಓದುವ ಪ್ರೋಗ್ರಾಂಗೆ ಯಾಕಿಲ್ಲ?

ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದಕ್ಕೆ. ಎಕ್ಸ್‌ಚೇಂಜ್ ವೆಬ್ ಸರ್ವಿಸಸ್ ಎಂಬ ಎಪಿಐ ಬಳಸುತ್ತಿದ್ದವರು 2022ರ ಗಡುವಿಗಾಗಿ ದುಡ್ಡು ಸುರಿದು ಕೋಡನ್ನು ಟೋಕನ್‌ಗೆ ಬದಲಿಸಿಕೊಂಡರು. 2023ರಲ್ಲಿ ಹೊಸ ಘೋಷಣೆ ಬಂತು: ಆ ಎಪಿಐಯನ್ನೇ 2026ರ ಅಕ್ಟೋಬರ್‌ನಿಂದ ನಿಲ್ಲಿಸುತ್ತೇವೆ, ನಮ್ಮ ಹೊಸ ಗ್ರಾಫ್ ಎಪಿಐಗೆ ಬನ್ನಿ. ಅಂದರೆ ಅದೇ ಕೆಲಸಕ್ಕೆ ಎರಡನೇ ಸಲ ಖರ್ಚು.

ನಾನು ಕೇಳುವುದು ಇಷ್ಟೇ. ಮನುಷ್ಯರ ಖಾತೆಗಳಿಗೆ ಇವತ್ತೇ ಮುಚ್ಚಿ. ಯಂತ್ರದ ಖಾತೆಗೆ ಗೊತ್ತುಪಡಿಸಿದ ಒಂದೇ ಐಪಿ ವಿಳಾಸದಿಂದ, ಒಂದೇ ಮೇಲ್‌ಬಾಕ್ಸಿಗೆ ದಾರಿ ಬಿಡಿ. ಅದರ ಹೊಣೆಯನ್ನು ಬರವಣಿಗೆಯಲ್ಲೇ ಆ ಖಾತೆಯ ಕಂಪನಿಯಿಂದ ಬರೆಸಿಕೊಳ್ಳಿ.