ತಾಯಿಯ ಬಳಿ ಹಿಡಿದು ಬರುವ ಕಣ್ಣಿನ ಕಾಯಿಲೆ

ಮುಂಬೈಯ ತುಳು-ಕನ್ನಡಿಗರಿಗೆ, ಕಣ್ಣಿನ ನರ ಸೊರಗಿ ದೃಷ್ಟಿ ಕುಂದಿಸುವ ಲೀಬರ್ ಕಾಯಿಲೆಯ ದಾರಿ ಅರ್ಥಮಾಡಿಸುವುದು ಕಷ್ಟವಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದಲ್ಲಿ ಬಳಿ, ಅಂದರೆ ಕುಲ, ಹೇಗೋ ಇದೂ ಹಾಗೆಯೇ. ತಾಯಿಯ ಬಳಿ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಬರುತ್ತದೆ, ಆದರೆ ಮುಂದಕ್ಕೆ ಒಯ್ಯುವವಳು ಮಗಳು ಮಾತ್ರ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇದೆ, ಅದು ತಾಯಿಯ ಅಂಡದಿಂದಲೇ ಬರುವುದು. ಈ ಕಾಯಿಲೆಯ ದೋಷ ಇರುವುದು ಆ ಡಿಎನ್‌ಎಯಲ್ಲೇ. ಸೋದರಮಾವನ ದೃಷ್ಟಿ ಹೀಗೆ ಹೋಗಿದ್ದರೆ ಅವನ ಮಕ್ಕಳಿಗೆ ಅವನಿಂದ ಭಯವಿಲ್ಲ, ಅವನ ಅಕ್ಕತಂಗಿಯರ ಮಕ್ಕಳ ಮೇಲೆ ಕಣ್ಣಿಡಬೇಕು. ತಾಯಿಯಿಂದ ಬರುವ ಈ ಬಗೆಗೆ ರಕ್ತಸಂಬಂಧದ ಮದುವೆ ಕಾರಣವಲ್ಲ. ತಾಯಿಯನ್ನು ದೂರುವುದಂತೂ ಬೇಡವೇ ಬೇಡ. ದೋಷವಿದ್ದವರೆಲ್ಲರ ದೃಷ್ಟಿಯೂ ಹೋಗುವುದಿಲ್ಲ, ಗಂಡಸರಿಗೇ ಹೆಚ್ಚು.

ಸಾಮಾನ್ಯವಾಗಿ 15ರಿಂದ 35ರ ಹರೆಯದಲ್ಲಿ, ನೋವಿಲ್ಲದೆ, ಒಂದು ಕಣ್ಣಿನ ನೋಟದ ನಟ್ಟನಡುವೆ ಮಸುಕು. ಬಣ್ಣಗಳು ಮಂಕು. ವಾರಗಳಲ್ಲೋ ತಿಂಗಳುಗಳಲ್ಲೋ ಇನ್ನೊಂದು ಕಣ್ಣೂ ಹಾಗೆಯೇ. ಅಂಚಿನ ನೋಟ ಉಳಿದಿರುತ್ತದೆ. ದಾದರ್ ಸ್ಟೇಷನ್ನಿನ ಇಂಡಿಕೇಟರ್ ಓದಲಾಗದ ಹುಡುಗ ಜನರ ನಡುವೆ ತಾಗದೆ ನಡೆದು ಹೋಗುತ್ತಾನೆ, ಮನೆಯವರು "ಓಡಾಡ್ತಾನಲ್ಲ" ಎಂದು ಸುಮ್ಮನಾಗುತ್ತಾರೆ. ಡಾಕ್ಟರಿಗೂ ಇದು ಕಣ್ಣಿನ ನರದ ಉರಿಯೂತದಂತೆ ಕಾಣಬಹುದು, ಆಗ ಸ್ಟೀರಾಯ್ಡ್ ಡ್ರಿಪ್ ಹಾಕುತ್ತಾರೆ. ನರ ಸೊರಗಿರುವುದು ಶಕ್ತಿಯ ಕೊರತೆಯಿಂದ, ಹಾಗಾಗಿ ಅದರಿಂದ ಪ್ರಯೋಜನವಾಗದು.

ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೆಲವು ಮಿಲಿಲೀಟರ್ ರಕ್ತ ಸಾಕು. ಮೊದಲು ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ 11778, 3460, 14484 ಈ ಮೂರು ತಾಣ ನೋಡಿಸಿ, ಸುಮಾರು 90% ರೋಗಿಗಳಲ್ಲಿ ಇವುಗಳಲ್ಲೊಂದರಲ್ಲಿ ದೋಷ ಸಿಗುತ್ತದೆ. 14484 ಆದರೆ ದೃಷ್ಟಿ ಮರಳುವ ಸಾಧ್ಯತೆ ಹೆಚ್ಚು, 11778ರಲ್ಲಿ ಕಡಿಮೆ.

ಕ್ಷಯ ಹೆಚ್ಚಿರುವ ಈ ಊರಿನಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಟಿಬಿ ಮಾತ್ರೆಗಳಲ್ಲಿರುವ ಎಥಾಂಬ್ಯುಟಾಲ್ ಕೆಲವರಲ್ಲಿ ಕಣ್ಣಿನ ನರವನ್ನೇ ಹಾಳುಮಾಡುತ್ತದೆ, ಈ ದೋಷವಿದ್ದವರಿಗೆ ಅಪಾಯ ಇನ್ನೂ ಹೆಚ್ಚು. ಶುರು ಮಾಡುವ ಮುಂಚೆಯೇ ತಾಯಿಯ ಕಡೆಯ ವಿಷಯ ಡಾಕ್ಟರಿಗೆ ಹೇಳಿ, ದೃಷ್ಟಿ, ಬಣ್ಣ ಎರಡನ್ನೂ ಪರೀಕ್ಷಿಸಿಕೊಳ್ಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಔಷಧ ಬದಲಿಸುವುದು ಅವರ ಕೆಲಸ. ಬಳಿಯವರೆಲ್ಲ ಸಿಗರೇಟು ಬಿಡಲಿ.

ಯುರೋಪಿನಲ್ಲಿ 2015ರಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದ ಐಡಿಬೆನೋನ್ ಎಂಬ ಮಾತ್ರೆ 300 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ. ಬೇಗ ಶುರು ಮಾಡಿದವರಲ್ಲಿ ಕೆಲವರಿಗೆ ಗುಣ ಕಂಡಿದೆ, ಎಲ್ಲರಿಗೂ ಅಲ್ಲ. ವಂಶವಾಹಿ ಚಿಕಿತ್ಸೆಯ ಪ್ರಯೋಗದಲ್ಲಿ ಒಂದೇ ಕಣ್ಣಿಗೆ ಚುಚ್ಚಿದರೂ ಇನ್ನೊಂದು ಕಣ್ಣೂ ಸುಧಾರಿಸಿತು. ಈ ಅಚ್ಚರಿಯ ಬೆನ್ನು ಹತ್ತಿದ ಸಂಶೋಧನೆಯ ಮೇಲೆ ನನಗೆ ನಿಜವಾಗಿ ಆಸೆಯಿದೆ.

ರಿಪೋರ್ಟಿನಲ್ಲಿ ಬಂದ ತಾಣದ ಸಂಖ್ಯೆಯನ್ನು ಜೋಪಾನವಾಗಿಡಿ. ಅಕ್ಕತಂಗಿಯರಿಗೆ ಅದೊಂದೇ ತಾಣ ನೋಡಿದರೆ ಸಾಕು, ಲಕ್ಷಣವಿಲ್ಲದ ಚಿಕ್ಕ ಮಕ್ಕಳಿಗೆ ಅವಸರದಲ್ಲಿ ಟೆಸ್ಟ್ ಮಾಡಿಸಬೇಡಿ.