ದೀರ್ಘ ಇಲ್ಲದ ‘ನಾಳೆ ಬ’

ದೆವ್ವಕ್ಕೆ ಕಾಗುಣಿತ ಗೊತ್ತಿರುತ್ತಾ? ನನಗೆ ಎಂಟು ವರ್ಷವಿದ್ದಾಗ ಒಂದು ವಾರ ಪೂರ್ತಿ ನಿದ್ದೆ ಕೆಡಿಸಿದ ಪ್ರಶ್ನೆ ಇದು.

1990ರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ ವಿಷಯ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬೀದಿ ಬೀದಿ ಸುತ್ತುತ್ತೆ. ಬಾಗಿಲು ತಟ್ಟಿ, ನಿಮ್ಮ ಅಮ್ಮನದೋ ಅಕ್ಕನದೋ ದನಿಯಲ್ಲಿ ನಿಮ್ಮ ಹೆಸರು ಹಿಡಿದು ಕರೆಯುತ್ತೆ. ‘ಆಂ’ ಅಂದಿರೋ, ಮುಗೀತು, ರಕ್ತ ಕಾರಿ ಸಾಯೋದೇ. ಅದಕ್ಕಿದ್ದ ಪರಿಹಾರ ಒಂದೇ, ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯೋದು. ದೆವ್ವ ಅದನ್ನು ಓದಿ, ಸರಿ ನಾಳೆ ಬರೋಣ ಅಂತ ಹೋಗುತ್ತೆ. ಮಾರನೇ ದಿನ ಬಂದರೆ ಮತ್ತೆ ‘ನಾಳೆ ಬಾ’. ರೇಷನ್ ಕಾರ್ಡಿಗೆ ಅಲೆದು ಸುಸ್ತಾದವರ ತಲೆಯಲ್ಲೇ ಈ ಉಪಾಯ ಹುಟ್ಟಿರಬೇಕು ಅಂತ ನನ್ನ ಗುಮಾನಿ.

ನಮ್ಮದು ಶ್ರೀರಾಮಪುರದ ಒಂದು ವಠಾರ. ಒಂಬತ್ತು ಮನೆ, ನಡುವೆ ಒಂದು ನಲ್ಲಿ, ಕೊನೆಯಲ್ಲಿ ಎರಡು ಕಕ್ಕಸು. ಮಕ್ಕಳು ಹನ್ನೊಂದು ಜನ. ಬಾಗಿಲಿಗೆ ಬರೆಯುವ ಕಂಟ್ರಾಕ್ಟು ನಮಗೇ ಬಿತ್ತು. ದೊಡ್ಡವರು ಇದನ್ನೆಲ್ಲ ಕೇಳಿ ನಗುತ್ತಿದ್ದರು, ಆದರೆ ಬರೆದದ್ದನ್ನು ಒಬ್ಬರೂ ಅಳಿಸಲಿಲ್ಲ. ಅಷ್ಟಕ್ಕೂ 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿಯುತ್ತಾನೆ ಅಂತ ಇಡೀ ದೇಶ ಚಮಚ ಹಿಡಿದು ದೇವಸ್ಥಾನಕ್ಕೆ ಓಡಿತಲ್ಲ, ಆ ಸಾಲಿನಲ್ಲಿ ನಿಂತಿದ್ದವರೂ ಇದೇ ದೊಡ್ಡವರು.

ಇಟ್ಟಿಗೆ ಚೂರು ಹಿಡಿದು ಹೊರಟೆವು. ಮೊದಲ ಮನೆ ಬಾಗಿಲಿಗೆ ಬರೆದದ್ದು ಏಳನೇ ಕ್ಲಾಸಿನ ಸುಬ್ಬಿ, ಅವಳ ಅಕ್ಷರ ಮುತ್ತಿನ ಹಾಗೆ. ಎರಡನೇ ಮನೆ ಅಜ್ಜಿ, ಬಾಗಿಲಿಗೆ ಬಂದವರನ್ನು ‘ಬಾ’ ಅಂತ ಏಕವಚನದಲ್ಲಿ ಕರೆಯಬಾರದು, ‘ನಾಳೆ ಬನ್ನಿ’ ಅಂತ ಬರೀರಿ ಅಂದರು. ಬರೆದೆವು. ತಮಿಳು ಮಾತಾಡುವ ಮನೆಯ ಆಂಟಿಗೆ ಇನ್ನೊಂದು ಅನುಮಾನ. ಅವರ ಮನೆ ದನಿಯಲ್ಲಿ ಕರೆಯಬೇಕಾದರೆ ದೆವ್ವ ತಮಿಳಲ್ಲೇ ಕರೆಯಬೇಕು, ಹಾಗಿದ್ದ ಮೇಲೆ ಅದಕ್ಕೆ ಕನ್ನಡ ಓದೋಕೆ ಬರುತ್ತಾ? ಸಲೀಮನ ಮನೆಯಲ್ಲೂ ಅದೇ ಸಮಸ್ಯೆ. ನಲ್ಲಿ ಕಟ್ಟೆ ಮೇಲೆ ಸಭೆ ಕೂತು ಅರ್ಧ ಗಂಟೆ ಚರ್ಚೆಯಾಯಿತು. ಊರು ಬೆಂಗಳೂರು, ಇಲ್ಲಿ ಕೆಲಸ ಮಾಡಬೇಕು ಅಂದರೆ ಕನ್ನಡ ಕಲಿತೇ ಇರುತ್ತೆ ಅಂತ ಸುಬ್ಬಿ ತೀರ್ಪು ಕೊಟ್ಟಳು.

ನಮ್ಮ ಮನೆ ಬಾಗಿಲಿಗೆ ನಾನೇ ಬರೆದೆ. ಗತ್ತಿನಲ್ಲಿ ಬರೆದು, ಹಿಂದೆ ಸರಿದು ನೋಡಿದರೆ ‘ನಾಳೆ ಬ’. ದೀರ್ಘ ಹಾಕಲು ಜಾಗವೇ ಉಳಿದಿರಲಿಲ್ಲ, ಬಾಗಿಲು ಮುಗಿದು ಚೌಕಟ್ಟು ಶುರುವಾಗಿತ್ತು. ಅಳಿಸಿ ಬರೆಯೋಣ ಅಂದರೆ, ಒಮ್ಮೆ ಬರೆದದ್ದನ್ನು ಅಳಿಸಿದರೆ ದೆವ್ವಕ್ಕೆ ಸಿಟ್ಟು ಬರುತ್ತೆ ಅಂತ ಸಲೀಮ ಹೇಳಿಬಿಟ್ಟ. ಈ ನಿಯಮ ಅವನಿಗೆ ಎಲ್ಲಿ ಸಿಕ್ಕಿತ್ತೋ ದೇವರಿಗೇ ಗೊತ್ತು. ಮತ್ತೆ ಸಭೆ. ಕೊನೆಗೆ ಸುಬ್ಬಿಯೇ ಬಂದು ಚೌಕಟ್ಟಿನ ಮೇಲೆ ಒಂದು ದೀರ್ಘ ಎಳೆದಳು. ಬಾಗಿಲು ಹಾಕಿದರೆ ‘ಬಾ’, ತೆಗೆದರೆ ‘ಬ’. ರಾತ್ರಿ ಬಾಗಿಲು ಹಾಕೇ ಇರುತ್ತಲ್ಲ ಅಂತ ಸಮಾಧಾನ.

ಆ ಕಾಲದಲ್ಲಿ ಚಿಂತೆಗಳಿಗೆ ಬರವಿರಲಿಲ್ಲ. ಸೀಬೆ ಬೀಜ ನುಂಗಿದವನ ಹೊಟ್ಟೆಯಲ್ಲಿ ಮರ ಬೆಳೆಯುತ್ತಿತ್ತು. ಒಂದೇ ಸಲ ತಲೆ ಡಿಕ್ಕಿ ಹೊಡೆದವನಿಗೆ ಕೊಂಬು ಬರುತ್ತಿತ್ತು, ಅದಕ್ಕೆ ನೋವಾದರೂ ಸರಿ ಇನ್ನೊಂದು ಸಲ ಗುದ್ದಿಕೊಳ್ಳಬೇಕು. ಮಲಗಿದವನನ್ನು ದಾಟಿದರೆ ಅವನು ಉದ್ದ ಬೆಳೆಯಲ್ಲ, ವಾಪಸ್ ದಾಟಬೇಕು. ಚೌತಿ ಚಂದ್ರನನ್ನು ನೋಡಿದರೆ ಕಳ್ಳತನದ ಅಪವಾದ, ಅದಕ್ಕೆ ಶಮಂತಕ ಮಣಿ ಕಥೆ ಕೇಳಬೇಕು. ಪುಸ್ತಕದೊಳಗಿನ ನವಿಲುಗರಿ ಮಾತ್ರ ಪೆನ್ಸಿಲ್ ಹೊಟ್ಟು ಎಷ್ಟು ತಿಂದರೂ ಮರಿ ಹಾಕುತ್ತಿರಲಿಲ್ಲ, ಅದಕ್ಕೆ ಯಾರ ಹತ್ತಿರವೂ ಔಷಧಿ ಇರಲಿಲ್ಲ.

ಆದರೆ ಒಂದು ಚಿಂತೆಯೂ ಒಬ್ಬನದೇ ಆಗಿ ಉಳಿಯುತ್ತಿರಲಿಲ್ಲ. ನಿಮಗೆ ಕಾಗೆ ಎಂಜಲು ನೆನಪಿದೆಯಲ್ವಾ? ಒಂದೇ ಕಡ್ಲೆಮಿಠಾಯಿ ಇರುತ್ತೆ, ಬಾಯಿಗಳು ನಾಲ್ಕು. ಅಂಗಿ ಅಂಚಿನೊಳಗೆ ಮಿಠಾಯಿ ಇಟ್ಟು, ಬಟ್ಟೆ ಮೇಲಿಂದಲೇ ಕಟಕ್ಕಂತ ಕಚ್ಚಿ ಮುರಿಯೋದು. ಎಂಜಲಾಗಲಿಲ್ಲ ಅಂತ ನಮ್ಮ ನಂಬಿಕೆ. ಅಂಗಿಗೆ ಅಂಟಿಕೊಂಡ ಬೆಲ್ಲವನ್ನು ಆಮೇಲೆ ಚೀಪುತ್ತಿದ್ದೆವು, ಅದು ಲೆಕ್ಕಕ್ಕಿಲ್ಲ. ಚಿಂತೆಗೂ ಹೀಗೇ ಆಗುತ್ತಿತ್ತು. ಕಿತ್ತಳೆ ಬೀಜ ನುಂಗಿದೆ ಅಂತ ಒಬ್ಬ ಅಳುತ್ತಾ ಬಂದರೆ ಸಾಕು, ಒಬ್ಬ ಅವನ ಹೊಟ್ಟೆಗೆ ಕಿವಿ ಇಟ್ಟು ಕೇಳುತ್ತಿದ್ದ, ಇನ್ನೊಬ್ಬಳು ನಾನು ಹೋದ ವರ್ಷ ಮೂರು ನುಂಗಿದ್ದೆ ಕಣೋ ಅನ್ನುತ್ತಿದ್ದಳು, ಮತ್ತೊಬ್ಬ ಹಣ್ಣು ಬಿಟ್ಟರೆ ನಮಗೂ ಕೊಡು ಅಂತ ಈಗಲೇ ಬುಕ್ ಮಾಡುತ್ತಿದ್ದ. ನನ್ನ ಮಗಳಿಗೂ ಈಗ ಎಂಟು ವರ್ಷ. ಅವಳಿಗೂ ಚಿಂತೆಗಳಿವೆ, ಆರನೇ ಮಹಡಿಯಲ್ಲಿ, ರೂಮಿನ ಬಾಗಿಲು ಹಾಕಿಕೊಂಡು. ಕೇಳಿದರೆ ‘ಏನಿಲ್ಲಪ್ಪ’ ಅನ್ನುತ್ತಾಳೆ.

ಇರಲಿ, ದೆವ್ವದ ವಿಷಯಕ್ಕೆ ಬರೋಣ. ಬಾಗಿಲಿಗೇನೋ ಬರೆದಾಯಿತು. ಆದರೆ ದೆವ್ವ ಸಂಜೆಯೇ ಬಂದು ಬೀದಿಯಲ್ಲಿ ಕರೆದರೆ? ಯಾರೇ ಕರೆದರೂ ಮೂರನೇ ಸಲಕ್ಕೇ ಓಗೊಡಬೇಕು ಅಂತ ಠರಾವು ಆಯಿತು. ದೆವ್ವಕ್ಕೆ ಅಷ್ಟು ತಾಳ್ಮೆ ಇರಲ್ಲ ಅನ್ನೋದು ನಮ್ಮ ಲೆಕ್ಕ. ನಮ್ಮ ಅಮ್ಮಂದಿರಿಗೂ ಇರಲಿಲ್ಲ. ಏಳು ಗಂಟೆಗೆ ಒಂಬತ್ತು ಮನೆಯಿಂದಲೂ ಊಟಕ್ಕೆ ಕೂಗು ಬೀಳುತ್ತಿತ್ತು. ಹನ್ನೊಂದು ಮಕ್ಕಳೂ ಲಗೋರಿ ಕಲ್ಲು ಹಿಡಿದು, ತುಟಿ ಬಿಗಿದು, ಬೆರಳಲ್ಲಿ ಒಂದು, ಎರಡು ಎಣಿಸುತ್ತಾ ನಿಂತಿರುತ್ತಿದ್ದೆವು. ಮೂರನೇ ಸಲ ಅಮ್ಮ ಕರೆಯುತ್ತಿರಲಿಲ್ಲ, ಪೊರಕೆ ಹಿಡಿದು ತಾನೇ ಬರುತ್ತಿದ್ದಳು. ದೆವ್ವ ಅಲ್ಲ ಅಂತ ಆಗ ಖಾತ್ರಿಯಾಗುತ್ತಿತ್ತು.

ನಿಜವಾದ ಕಷ್ಟ ಕಕ್ಕಸಿನದು. ಊಟವಾದ ಮೇಲೆ ವಠಾರದ ತುದಿಯವರೆಗೂ ಕತ್ತಲಲ್ಲಿ ಹೋಗಬೇಕು. ಅಲ್ಲಿದ್ದದ್ದು ಒಂದು ಜೀರೋ ಕ್ಯಾಂಡಲ್ ಬಲ್ಬು, ಅದೂ ಅರ್ಧ ದಿನ ಉರಿಯುತ್ತಿರಲಿಲ್ಲ. ಹಾಗಾಗಿ ಒಬ್ಬರಿಗೆ ಬಂದರೆ ನಾಲ್ಕು ಜನ ಹೋಗುವ ಪದ್ಧತಿ ಬಂತು. ಒಬ್ಬ ಒಳಗೆ, ಮೂವರು ಹೊರಗೆ. ಒಳಗಿನವನು ಆಗಾಗ ‘ಇದೀರಾ?’ ಅನ್ನಬೇಕು, ಹೊರಗಿನವರು ‘ಇದೀವಿ’ ಅನ್ನಬೇಕು. ಟೂ ಬಿಟ್ಟಿದ್ದರೂ ಈ ಕೆಲಸಕ್ಕೆ ರಜೆ ಇರಲಿಲ್ಲ. ಗೋಲಿ ಜಗಳದಲ್ಲಿ ನಾನೂ ಸಲೀಮನೂ ಹತ್ತು ದಿನ ಮಾತು ಬಿಟ್ಟಿದ್ದಾಗಲೂ ಅವನು ಬಂದು ನಿಲ್ಲುತ್ತಿದ್ದ. ನಾನು ಒಳಗಿಂದ ‘ಇದೀರಾ?’ ಅಂದರೆ ಸುಬ್ಬಿಗೆ ಹೇಳುತ್ತಿದ್ದ, ‘ಇದೀನಿ ಅಂತ ಹೇಳು ಅವನಿಗೆ.’

ಈ ಕಾವಲು ಪಡೆಯಲ್ಲಿ ಬಟಾಣಿ ಅಂತ ಒಬ್ಬನಿದ್ದ, ನಾಲ್ಕು ವರ್ಷದವನು. ಯಾವ ಆಟದಲ್ಲೂ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಔಟಾದರೂ ಔಟಿಲ್ಲ, ಓಡಿದರೂ ರನ್ನಿಲ್ಲ. ಅಳುತ್ತಾನಲ್ಲ ಅಂತ ಕರೆದುಕೊಂಡು ಹೋಗುತ್ತಿದ್ದೆವು, ಅಷ್ಟೇ.

ಒಂದು ರಾತ್ರಿ ನಾನು ಒಳಗಿದ್ದೆ. ಕರೆಂಟು ಹೋಯಿತು. ಎಲ್ಲೋ ಡಬ್ಬವೊಂದು ದಬಾರ್ ಅಂತ ಬಿತ್ತು. ಹೊರಗೆ ದಡದಡ ಚಪ್ಪಲಿ ಸದ್ದು, ಆಮೇಲೆ ಏನೂ ಇಲ್ಲ. ‘ಇದೀರಾ?’ ಅಂದೆ. ಉತ್ತರವಿಲ್ಲ. ಇನ್ನೊಂದು ಸಲ ಅಂದೆ, ದನಿ ಸಣ್ಣಗಾಗಿತ್ತು. ಉತ್ತರವಿಲ್ಲ. ಮೂರನೇ ಸಲ ಕೇಳಿದಾಗ ಬಾಗಿಲ ಬುಡದಿಂದ ಒಂದು ಸಣ್ಣ ದನಿ ಬಂತು, ‘ನಾನಿದೀನಿ.’

ಮಿಕ್ಕವರೆಲ್ಲ ಓಡಿಹೋಗಿದ್ದರು, ಬಟಾಣಿ ಒಬ್ಬ ನಿಂತಿದ್ದ. ಮೂರನೇ ಸಲಕ್ಕೇ ಓಗೊಡಬೇಕು ಅನ್ನೋ ಠರಾವನ್ನೂ ಮರೆತಿರಲಿಲ್ಲ. ಹೊರಗೆ ಬಂದವನೇ ಅವನನ್ನು ಎತ್ತಿಕೊಂಡೆ. ನಿನಗೆ ಹೆದರಿಕೆ ಆಗಲಿಲ್ವೇನೋ ಅಂತ ಕೇಳಿದೆ.

‘ಆಯ್ತು. ಇಳಿಸೋ ಬೇಗ, ನಂಗೂ ಅರ್ಜೆಂಟು’ ಅಂದ.